ನಗರಕ್ಕೆ ಸ್ವಂತ ವಿದ್ಯುತ್ ಸಂಸ್ಥೆ: ಬೆಂಗಳೂರಿನ ಮುಂದಿರುವ ದಾರಿಗಳ ಹೋಲಿಕೆ

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾಗಿ ಹಂಚಿಹೋಗಿ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದ ಮೇಲೆ, ಹಳೆಯ ಪ್ರಶ್ನೆಯೊಂದನ್ನು ಓದುಗರು ಹೊಸದಾಗಿ ಕೇಳತೊಡಗಿದ್ದಾರೆ: ರಸ್ತೆ, ಕಸ, ಬೀದಿದೀಪಗಳನ್ನು ನೋಡಿಕೊಳ್ಳುವ ನಗರಾಡಳಿತವೇ ಮನೆಮನೆಗೆ ವಿದ್ಯುತ್ತನ್ನೂ ಏಕೆ ಕೊಡಬಾರದು? ಕೇಳುವವರ ಉದ್ದೇಶ ಒಂದೇ ಅಲ್ಲ. ಒಬ್ಬರಿಗೆ ಬಿಲ್ಲು ಇಳಿಯಬೇಕು. ಇನ್ನೊಬ್ಬರಿಗೆ ಮೊದಲ ಮಳೆಗೇ ಕರೆಂಟು ಹೋಗುವುದು ನಿಲ್ಲಬೇಕು. ಮತ್ತೊಬ್ಬರಿಗೆ ಕಲ್ಲಿದ್ದಲಿನ ಬದಲು ಬಿಸಿಲು, ಗಾಳಿಯ ವಿದ್ಯುತ್ತು ಬೇಕು. ಕೆಲವರಿಗೆ, ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಹೋಗಿ ಕೇಳಲು ತಾವೇ ಓಟು ಹಾಕಿ ಗೆಲ್ಲಿಸಿದ ಒಬ್ಬ ಪ್ರತಿನಿಧಿ ಬೇಕು. ಈ ನಾಲ್ಕು ಬಯಕೆಗಳನ್ನೂ ಒಂದೇ ದಾರಿ ಪೂರೈಸಲಾರದು. ಆದ್ದರಿಂದ ದಾರಿಗಳನ್ನು ತೂಗುವ ಮೊದಲು ಅಳತೆಗೋಲುಗಳನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಅದಕ್ಕೂ ಮುಂಚೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಮೆರಿಕ, ಜರ್ಮನಿಗಳ ನಗರಗಳು ಈ ಪ್ರಶ್ನೆಯನ್ನು ಕೇಳಿಕೊಂಡಾಗ ಬಹುಮಟ್ಟಿಗೆ ಎದುರಿಗಿದ್ದದ್ದು ಷೇರುದಾರರಿಗೆ ಲಾಭ ಹಂಚುವ ದೊಡ್ಡ ಕಂಪನಿ. ಆ ಲಾಭ ಉಳಿದರೆ ಅಷ್ಟೂ ನಗರಕ್ಕೆ ಎಂಬುದು ಅಲ್ಲಿನ ವಾದದ ಬೆನ್ನೆಲುಬು. ಬೆಂಗಳೂರಿಗೆ ವಿದ್ಯುತ್ ಕೊಡುವ ಬೆಸ್ಕಾಂ ಹಾಗಲ್ಲ. ರಾಜ್ಯದ ವಿದ್ಯುತ್ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಎಂಬ ಕಂಪನಿಯಾಗಿ, 2002ರಲ್ಲಿ ಅದರಿಂದ ವಿತರಣೆಯನ್ನು ಬಿಡಿಸಿ ಎಸ್ಕಾಂಗಳನ್ನು, ಅಂದರೆ ಒಂದೊಂದು ಭಾಗಕ್ಕೆ ಒಂದೊಂದು ವಿತರಣಾ ಕಂಪನಿಯನ್ನು, ಕಟ್ಟಿದಾಗ ಹುಟ್ಟಿದ ಈ ಕಂಪನಿ ಇಂದಿಗೂ ರಾಜ್ಯ ಸರ್ಕಾರದ್ದೇ. ಇಲ್ಲಿ ಪ್ರಶ್ನೆ ಇರುವುದು ರಾಜ್ಯದ ಕೈಯಿಂದ ನಗರದ ಕೈಗೆ ಬರಬೇಕೇ ಎಂಬುದರಲ್ಲಿ. ಹೊರದೇಶದ ಉದಾಹರಣೆಗಳಲ್ಲಿ ಕಾಣುವ ಉಳಿತಾಯದ ಒಂದು ದೊಡ್ಡ ಬಾಬ್ತು ಇಲ್ಲಿ ಮೊದಲಿನಿಂದಲೇ ಇಲ್ಲ.

ಯಾವುದರಿಂದ ಅಳೆಯುವುದು

ಮೊದಲನೆಯ ಅಳತೆಗೋಲು ವೆಚ್ಚದ ರಚನೆ. ವಿತರಣಾ ಕಂಪನಿಯೊಂದರ ಖರ್ಚಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ವಿದ್ಯುತ್ ಖರೀದಿಗೇ ಹೋಗುತ್ತದೆ. ರಾಯಚೂರು, ಬಳ್ಳಾರಿಯ ಶಾಖೋತ್ಪನ್ನ ಸ್ಥಾವರಗಳು, ಶರಾವತಿಯ ಜಲವಿದ್ಯುತ್, ಕೈಗಾದ ಅಣುವಿದ್ಯುತ್, ಪಾವಗಡದ ಸೌರ ಪಾರ್ಕು, ಕೇಂದ್ರದ ಸ್ಥಾವರಗಳ ಪಾಲು ಇವೆಲ್ಲ ದೀರ್ಘಾವಧಿಯ ಒಪ್ಪಂದಗಳಲ್ಲಿ ಕಟ್ಟಿಕೊಂಡಿರುವಂಥವು. ಕಂಬ, ತಂತಿ, ಸಿಬ್ಬಂದಿ, ಸಾಲದ ಬಡ್ಡಿ ಬರುವುದು ಉಳಿದ ಕಾಲು ಪಾಲಿನಲ್ಲಿ. ತಂತಿಯ ಒಡೆಯ ಬದಲಾದರೆ ಬದಲಾಗುವುದು ಆ ಕಾಲು ಪಾಲು ಮಾತ್ರ. ‘ನಮ್ಮ ಸಂಸ್ಥೆ ಬಂದರೆ ಬಿಲ್ಲು ಅರ್ಧವಾಗುತ್ತದೆ’ ಎನ್ನುವವರನ್ನು ಈ ಒಂದು ಲೆಕ್ಕದ ಮುಂದೆ ನಿಲ್ಲಿಸಿದರೆ ಸಾಕು.

ಎರಡನೆಯದು ದರ ನಿಗದಿ ಮಾಡುವವರು ಯಾರು ಎಂಬುದು. ಬೆಸ್ಕಾಂ ಇರಲಿ, ಪಾಲಿಕೆ ಇರಲಿ, ಖಾಸಗಿಯವರಿರಲಿ, ಯೂನಿಟ್ಟಿಗೆ ಎಷ್ಟು ಎಂದು ಹೇಳುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೇ. ಮೇಯರ್ ಒಪ್ಪಿದರೂ ಒಪ್ಪದಿದ್ದರೂ ಆಯೋಗದ ಆದೇಶವೇ ನಡೆಯುವುದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ, ಸರ್ಕಾರ ಯಾವ ವರ್ಗಕ್ಕಾದರೂ ಅಗ್ಗವಾಗಿ ಕೊಡಿಸಬೇಕೆಂದರೆ ಅದರ ಸಬ್ಸಿಡಿಯನ್ನು ಮುಂಗಡವಾಗಿ ತುಂಬಿಕೊಡಬೇಕು. 2023ರಲ್ಲಿ ಬಂದ ಗೃಹಜ್ಯೋತಿಯ ಉಚಿತ ಯೂನಿಟ್ಟುಗಳೂ ನಿಂತಿರುವುದು ಈ ತಳಹದಿಯ ಮೇಲೆ. ಹೊಸ ನಗರ ಸಂಸ್ಥೆಯ ಗ್ರಾಹಕರಿಗೂ ಆ ಸಬ್ಸಿಡಿ ಸಿಗುವುದೇ ಎಂಬುದು ವಿಧಾನಸೌಧ ಉತ್ತರಿಸಬೇಕಾದ ಪ್ರಶ್ನೆ. ಇನ್ನೂರು ಯೂನಿಟ್ಟಿನೊಳಗೆ ಬಳಸುವ ಕುಟುಂಬಕ್ಕೆ ಉಳಿದೆಲ್ಲ ವಾದಗಳಿಗಿಂತ ಇದೊಂದೇ ದೊಡ್ಡದು.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರವಾದದ್ದು, ಅಡ್ಡ ಸಬ್ಸಿಡಿ; ಅಂದರೆ ಒಂದು ವರ್ಗದ ಗ್ರಾಹಕರ ಬಿಲ್ಲಿನಿಂದ ಇನ್ನೊಂದು ವರ್ಗದ ಖರ್ಚನ್ನು ತುಂಬುವುದು. ಬೆಸ್ಕಾಂ ವ್ಯಾಪ್ತಿಯ ಎಂಟು ಜಿಲ್ಲೆಗಳಲ್ಲಿ ಬೆಂಗಳೂರಿನ ಆಸುಪಾಸಿನವಲ್ಲದೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ದಾವಣಗೆರೆಗಳೂ ಇವೆ. ಅಲ್ಲಿ ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಅದರ ಬಹುಭಾಗವನ್ನು ಸರ್ಕಾರ ತುಂಬಿಕೊಡಬೇಕು. ಆದರೆ ಆ ಹಣ ತಡವಾದಾಗ ಕಂಪನಿಯ ಕೈ ನಡೆಯುವಂತೆ ಮಾಡುವುದು, ಹಳ್ಳಿಗಾಡಿನ ಉದ್ದುದ್ದ ಲೈನುಗಳ ನಷ್ಟವನ್ನು ಹೊರುವುದು ನಗರದ ಅಂಗಡಿ, ಕಚೇರಿ, ಕಾರ್ಖಾನೆ, ಮಾಲ್‌ಗಳು ಕಟ್ಟುವ ಬಿಲ್ಲು. ಇದರ ಮೇಲೆ ರಾಜ್ಯದುದ್ದಕ್ಕೂ ಬಹುಪಾಲು ವರ್ಗಗಳಿಗೆ ಒಂದೇ ದರ. ಒಂದೇ ದರ ನಿಲ್ಲಬೇಕಾದರೆ ಯಾವ ಎಸ್ಕಾಂಗೆ ಯಾವ ಸ್ಥಾವರದ ವಿದ್ಯುತ್ ಎಂಬುದನ್ನು ಸರ್ಕಾರ ಹೊಂದಿಸಿ ಹಂಚಬೇಕಾಗುತ್ತದೆ. ಆದಾಯ ಹೆಚ್ಚಿರುವ ಎಸ್ಕಾಂ ದುಬಾರಿ ವಿದ್ಯುತ್ತನ್ನೂ, ಕಡಿಮೆ ಇರುವುದು ಅಗ್ಗದ್ದನ್ನೂ ಪಡೆಯುತ್ತದೆ. ಹೀಗಿರುವಾಗ ನಗರ ಬೇರೆಯಾಗುವುದೆಂದರೆ ಒಟ್ಟು ಕುಟುಂಬದಿಂದ ದುಡಿಯುವ ಮಗ ಮಾತ್ರ ಪಾಲು ಕೇಳಿದಂತೆ. ಅವನ ಲೆಕ್ಕ ಸರಿಯಾಗಿಯೇ ಇರಬಹುದು, ಆದರೆ ಉಳಿದವರ ಊಟದ ಹೊಣೆಯನ್ನು ಯಾರು ಹೊರುತ್ತಾರೆಂದು ತೀರ್ಮಾನವಾಗುವ ತನಕ ಪಾಲುಪಟ್ಟಿಗೆ ಯಾರೂ ಸಹಿ ಹಾಕುವುದಿಲ್ಲ.

ಇನ್ನುಳಿದ ಅಳತೆಗೋಲುಗಳನ್ನು ಚುಟುಕಾಗಿ ಹೇಳಬಹುದು: ಆರಂಭದ ಬಂಡವಾಳ ಎಷ್ಟು ಮತ್ತು ಯಾರ ಹೆಸರಿನಲ್ಲಿ ಸಾಲ, ಕಾನೂನಿನಲ್ಲಿ ದಾರಿ ಇದೆಯೇ, ತಪ್ಪಾದರೆ ಹಿಂದಕ್ಕೆ ಬರಲು ಸಾಧ್ಯವೇ, ಮತ್ತು ಜನರಿಗೆ ಉತ್ತರ ಕೊಡುವವರು ಯಾರು. ಕೊನೆಯದರ ಬಗ್ಗೆ ಒಂದು ಮಾತು. ನಗರದ ಸಂಸ್ಥೆ ಜನರಿಗೆ ಹತ್ತಿರ ಎಂಬ ವಾದ ನಿಲ್ಲುವುದು ಚುನಾಯಿತ ಕೌನ್ಸಿಲ್ ಇದ್ದಾಗ ಮಾತ್ರ. ಬೆಂಗಳೂರಿನ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ನಗರವನ್ನು ನಡೆಸಿದ್ದು ಆಡಳಿತಾಧಿಕಾರಿಗಳು. ಕಾರ್ಪೊರೇಟರ್ ಇಲ್ಲದ ಪಾಲಿಕೆಯ ವಿದ್ಯುತ್ ಸಂಸ್ಥೆಗೂ ಈಗಿನ ಬೆಸ್ಕಾಂಗೂ ಹೊಣೆಗಾರಿಕೆಯಲ್ಲಿ ಏನು ಅಂತರ?

ಪೂರ್ಣ ಒಡೆತನ: ಕಂಬ, ತಂತಿ, ಮೀಟರ್ ಎಲ್ಲವೂ ಪಾಲಿಕೆಯದು

ಕೇಳಿದ ಕೂಡಲೇ ಮನಸ್ಸಿಗೆ ಬರುವ ದಾರಿ ಇದು. ಭಾರತದಲ್ಲಿ ಇದರ ದೊಡ್ಡ ಮಾದರಿ, ಬಸ್ಸು ಮತ್ತು ವಿದ್ಯುತ್ ಎರಡನ್ನೂ ನಡೆಸುವ ಮುಂಬೈಯ ಬೆಸ್ಟ್. 1947ರಲ್ಲಿ ಅಲ್ಲಿನ ಪಾಲಿಕೆ ಖಾಸಗಿ ಕಂಪನಿಯಿಂದ ಟ್ರಾಮ್ ಮತ್ತು ವಿದ್ಯುತ್ತನ್ನು ಒಟ್ಟಿಗೇ ವಹಿಸಿಕೊಂಡಿತು. ದಕ್ಷಿಣ ಮುಂಬೈಗೆ ಇಂದಿಗೂ ಅದೇ ವಿದ್ಯುತ್ ಕೊಡುತ್ತಿದೆ. ಕೇರಳದ ತ್ರಿಶ್ಶೂರು ಪಾಲಿಕೆ ತನ್ನ ಹಳೆಯ ಪಟ್ಟಣ ಪ್ರದೇಶಕ್ಕೆ, ಹೊಸದಿಲ್ಲಿ ನಗರಸಭೆ ತನ್ನ ವ್ಯಾಪ್ತಿಗೆ ಇದೇ ಕೆಲಸ ಮಾಡುತ್ತವೆ. ಮೂರೂ ಕಡೆ ಸೇವೆ ಕೆಟ್ಟದ್ದಲ್ಲ. ಆದರೆ ಮೂರಕ್ಕೂ ಒಂದು ಸಮಾನ ಗುಣವಿದೆ: ವ್ಯಾಪ್ತಿ ಚಿಕ್ಕದು, ಜನವಸತಿ ದಟ್ಟ, ಹೊಲವಿಲ್ಲ, ಪಂಪ್‌ಸೆಟ್ಟಿಲ್ಲ, ವ್ಯಾಪಾರಿ ಗ್ರಾಹಕರು ಹೆಚ್ಚು. ಮತ್ತು ಮೂರೂ 2003ರ ಕಾಯ್ದೆಗಿಂತ ಹಳೆಯವು. ಆ ಕಾಯ್ದೆಯ 42ನೇ ಕಲಮು ಗ್ರಾಹಕರಿಗೆ ಬೇರೆಯವರಿಂದ ವಿದ್ಯುತ್ ಕೊಳ್ಳುವ ಹಕ್ಕನ್ನು ಹೇಳುವಾಗ, ಕಾಯ್ದೆ ಜಾರಿಗೆ ಬರುವ ಮೊದಲೇ ವಿತರಣೆಯಲ್ಲಿದ್ದ ಸ್ಥಳೀಯ ಸಂಸ್ಥೆಗಳನ್ನು ಹೊರಗಿಟ್ಟಿದೆ. ಇಂದು ಹೊಸದಾಗಿ ಹುಟ್ಟುವ ಪಾಲಿಕೆಯ ಸಂಸ್ಥೆಗೆ ಆ ರಕ್ಷಣೆ ಸಿಗದು. ಅದರ ದೊಡ್ಡ ಗ್ರಾಹಕರು ಮೊದಲ ದಿನದಿಂದಲೇ ಬೇರೆಡೆ ಹೋಗಬಹುದು.

ಬೆಸ್ಟ್‌ನಿಂದ ಕಲಿಯಬೇಕಾದ ಇನ್ನೊಂದು ಸಂಗತಿಯೂ ಇದೆ. ಅಲ್ಲಿ ವಿದ್ಯುತ್ ವಿಭಾಗದ ಆದಾಯ ಬಹುಕಾಲ ಬಸ್ಸಿನ ನಷ್ಟವನ್ನು ತುಂಬಿತು. ಒಂದು ಹಂತದಲ್ಲಿ ಅದಕ್ಕಾಗಿ ವಿದ್ಯುತ್ ಗ್ರಾಹಕರ ಬಿಲ್ಲಿನಲ್ಲೇ ಪ್ರತ್ಯೇಕವಾಗಿ ವಸೂಲಿಯೂ ಆಯಿತು. ಬಸ್ಸು ಓಡಲಿ ಎನ್ನುವವರಿಗೆ ಇದು ಒಳ್ಳೆಯದೇ. ಬಿಲ್ಲು ಇಳಿಯಲಿ ಎಂದು ನಗರ ಸಂಸ್ಥೆಯನ್ನು ಬಯಸುವವರು ಮಾತ್ರ ಇದನ್ನು ಎರಡು ಸಲ ಓದಬೇಕು. ಹಣದ ಹರಿವಿರುವ ಒಂದು ವಿಭಾಗ ಪಾಲಿಕೆಯ ಕೈಯಲ್ಲಿದ್ದರೆ, ಹಳ್ಳ ಬಿದ್ದ ಬೇರೆ ಲೆಕ್ಕಗಳಿಗೆಲ್ಲ ಅದರಿಂದಲೇ ಮಣ್ಣು ಹಾಕುವ ಆಸೆ ಯಾವ ಊರಿನಲ್ಲೂ ಇರುತ್ತದೆ.

ಇನ್ನು ಕೊಳ್ಳುವ ಬೆಲೆ ಮತ್ತು ಕಾಲ. ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದ ಜನ 1923ರಲ್ಲಿ ಸ್ವಂತ ಸಂಸ್ಥೆಗೆ ಮತ ಕೊಟ್ಟರು. ಕೋರ್ಟು ಕಚೇರಿಗಳನ್ನು ದಾಟಿ ತಂತಿಗಳು ಕೈಗೆ ಬಂದದ್ದು 1946ರ ಕೊನೆಗೆ. ಇಂದು ಅದು ಅಮೆರಿಕದ ಹೆಸರುವಾಸಿ ಸಾರ್ವಜನಿಕ ಸಂಸ್ಥೆಗಳಲ್ಲೊಂದು. ಕೊಲರಾಡೊದ ಬೌಲ್ಡರ್ ನಗರ 2011ರಲ್ಲಿ ಇದೇ ಹಾದಿ ಹಿಡಿದು, ವಕೀಲರಿಗೂ ಸಲಹೆಗಾರರಿಗೂ ಕೋಟ್ಯಂತರ ಡಾಲರ್ ತೆತ್ತು, 2020ರಲ್ಲಿ ಮತದಾರರ ಒಪ್ಪಿಗೆಯೊಂದಿಗೆ ಹಳೆಯ ಕಂಪನಿಯ ಜೊತೆಗೇ ರಾಜಿ ಮಾಡಿಕೊಂಡಿತು. ಸ್ಯಾನ್‌ಫ್ರಾನ್ಸಿಸ್ಕೊ 2019ರಲ್ಲಿ ಇನ್ನೂರೈವತ್ತು ಕೋಟಿ ಡಾಲರ್ ಕೊಡಲು ಮುಂದಾದಾಗ ಕಂಪನಿ ಒಲ್ಲೆ ಎಂದಿತು. ಫ್ಲಾರಿಡಾದ ವಿಂಟರ್ ಪಾರ್ಕ್ ಎಂಬ ಪುಟ್ಟ ನಗರ ಮಾತ್ರ 2005ರಲ್ಲಿ ಕೊಂಡು, ಬಂದ ಆದಾಯದಲ್ಲಿ ತಂತಿಗಳನ್ನು ನೆಲದಡಿಗೆ ಇಳಿಸತೊಡಗಿತು. ಜರ್ಮನಿಯಲ್ಲಿ ಪರಿಸ್ಥಿತಿ ಬೇರೆ: ಅಲ್ಲಿ ಬೀದಿಯಲ್ಲಿ ತಂತಿ ಎಳೆಯುವ ಹಕ್ಕಿನ ಒಪ್ಪಂದ ಗರಿಷ್ಠ ಇಪ್ಪತ್ತು ವರ್ಷದ್ದು; ಅದು ಮುಗಿದಾಗ ನಗರ ಬೇರೆಯವರಿಗೆ ಕೊಡಬಹುದು ಅಥವಾ ತಾನೇ ಪಡೆಯಬಹುದು. ಹ್ಯಾಂಬರ್ಗ್ ನಗರದಲ್ಲಿ 2013ರ ಜನಮತ ಶೇಕಡ 51ರ ಆಸುಪಾಸಿನ ಕೂದಲೆಳೆಯ ಅಂತರದಲ್ಲಿ ಗೆದ್ದು, ಮರುವರ್ಷ ಜಾಲ ನಗರದ್ದಾಯಿತು. ಬರ್ಲಿನ್ ಅದೇ ವರ್ಷ ಸೋತರೂ 2021ರಲ್ಲಿ ಎರಡು ಶತಕೋಟಿ ಯೂರೋಗೂ ಹೆಚ್ಚು ಕೊಟ್ಟು ಕೊಂಡಿತು.

ಬೆಂಗಳೂರಿಗೆ ಅಂಥ ಗಡುವಿನ ಬಾಗಿಲು ಇಲ್ಲ. ರಾಜ್ಯ ಸರ್ಕಾರ ತನ್ನದೇ ಕಂಪನಿಯ ಅತಿ ಹೆಚ್ಚು ಆದಾಯದ ಭಾಗವನ್ನು ಬಿಟ್ಟುಕೊಡಲು ಮನಸ್ಸು ಮಾಡಬೇಕು. ಸಂವಿಧಾನವೂ ನಗರದ ಪರವಾಗಿ ಗಟ್ಟಿಯಾಗಿ ಮಾತಾಡುವುದಿಲ್ಲ. ಪಂಚಾಯತಿಗಳ ಹನ್ನೊಂದನೇ ಅನುಸೂಚಿಯಲ್ಲಿ ವಿದ್ಯುತ್ ವಿತರಣೆ ಸೇರಿದ ಗ್ರಾಮೀಣ ವಿದ್ಯುದೀಕರಣವಿದೆ. ನಗರಗಳ ಹನ್ನೆರಡನೇ ಅನುಸೂಚಿಯಲ್ಲಿ ಇರುವುದು ಬೀದಿದೀಪ ಮಾತ್ರ. ಇದರ ಮೇಲೆ ಈಗ ಐದು ಪಾಲಿಕೆಗಳು. ಮಹದೇವಪುರದ ಐಟಿ ಪಾರ್ಕುಗಳಿರುವ ಪೂರ್ವ ಪಾಲಿಕೆಗೆ ಒಂದು ಸಂಸ್ಥೆ, ಹಳೆಯ ಪೇಟೆಗಳಿರುವ ಪಾಲಿಕೆಗೆ ಇನ್ನೊಂದು ಎಂದಾದರೆ, ರಾಜ್ಯದೊಳಗಿನ ಅಡ್ಡ ಸಬ್ಸಿಡಿಯ ಜಗಳವನ್ನೇ ನಗರದೊಳಕ್ಕೂ ತಂದುಕೊಂಡಂತೆ. ಮಾಡುವುದಿದ್ದರೆ ಇಡೀ ನಗರಕ್ಕೆ ಒಂದೇ ಸಂಸ್ಥೆ ಇರಬೇಕು, ಅದು ಪ್ರಾಧಿಕಾರದ ಕೈಕೆಳಗೆ ಬರಬೇಕು. ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿಗಳೇ ಆಗಿರುವುದರಿಂದ, ಅಷ್ಟು ದೂರ ಸುತ್ತಿ ಮತ್ತೆ ರಾಜ್ಯ ಸರ್ಕಾರದ ಬಾಗಿಲಿಗೇ ಬಂದಂತಾಗುತ್ತದೆ.

ಹೊಣೆಗಳಲ್ಲಿ ಸಿಬ್ಬಂದಿಯ ಪಿಂಚಣಿಯನ್ನು ಮರೆಯುವಂತಿಲ್ಲ. ಹಳೆಯ ಮಂಡಳಿಯ ಕಾಲದಿಂದ ಬಂದ ಪಿಂಚಣಿ ಮತ್ತು ಗ್ರಾಚ್ಯುಟಿಯ ಭಾರಕ್ಕಾಗಿ 2025ರ ಏಪ್ರಿಲ್‌ನಿಂದ ಬಿಲ್ಲಿನಲ್ಲಿ ಪ್ರತ್ಯೇಕ ಮೊತ್ತ ಸೇರತೊಡಗಿತು; ಮೊದಲ ವರ್ಷ ಅದು ಯೂನಿಟ್ಟಿಗೆ 36 ಪೈಸೆ ಇತ್ತು. ನಗರ ಬೇರೆಯಾದರೆ ಈ ಭಾರದ ಪಾಲು ಜೊತೆಯಲ್ಲೇ ಬರುತ್ತದೆ.

ರಾಜ್ಯದ್ದೇ ಆದ, ನಗರಕ್ಕೆ ಮಾತ್ರ ಮೀಸಲಾದ ಎಸ್ಕಾಂ

ಇದು ನಡುದಾರಿ; ಕಾನೂನಿನಲ್ಲಿ ಸುಲಭ, ಪೂರ್ವನಿದರ್ಶನವೂ ಇದೆ. ಮೈಸೂರು ಭಾಗಕ್ಕೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಹುಟ್ಟಿದ್ದು 2005ರಲ್ಲಿ, ಮಂಗಳೂರಿನ ಮೆಸ್ಕಾಂನಿಂದ ಬೇರ್ಪಟ್ಟು. ಹಾಗೆಯೇ ಬೆಸ್ಕಾಂನ ನಗರ ವಲಯಗಳನ್ನು ಒಂದು ಕಂಪನಿಯಾಗಿಸಿ ಉಳಿದ ಜಿಲ್ಲೆಗಳಿಗೆ ಇನ್ನೊಂದನ್ನು ಕಟ್ಟಬಹುದು. ಬಂಡವಾಳ ಹೊಸದಾಗಿ ಬೇಕಿಲ್ಲ, ಕೋರ್ಟಿಗೆ ಹೋಗುವವರಿಲ್ಲ, ಸಿಬ್ಬಂದಿಯ ಸೇವಾ ಷರತ್ತು ಹಾಗೆಯೇ ಉಳಿಯುತ್ತದೆ.

ಲಾಭ ಏನು? ಮುಖ್ಯ ಕಚೇರಿಯ ಗಮನ ಪೂರ್ತಿ ನಗರದ ಮೇಲೆ ನಿಲ್ಲುತ್ತದೆ. ನೆಲದಡಿ ಕೇಬಲ್, ಹೆಚ್ಚಿನ ಲೋಡಿಗೆ ಸಬ್‌ಸ್ಟೇಷನ್, ಮರದ ಕೊಂಬೆ ಕಡಿಯುವುದರಲ್ಲಿ ಪಾಲಿಕೆಯ ಅರಣ್ಯ ವಿಭಾಗದೊಂದಿಗೆ ಹೊಂದಾಣಿಕೆ, ವಿದ್ಯುತ್ ವಾಹನಗಳ ಚಾರ್ಜಿಂಗ್, ಇವೆಲ್ಲ ಚಿತ್ರದುರ್ಗದ ಪಂಪ್‌ಸೆಟ್ ಫೀಡರಿಗೆ ಯಾವ ಸಂಬಂಧವೂ ಇಲ್ಲದ ಕೆಲಸಗಳು. ನಷ್ಟವೂ ಅಷ್ಟೇ ಸ್ಪಷ್ಟ: ಉಳಿದ ಜಿಲ್ಲೆಗಳ ಕಂಪನಿ ಹುಟ್ಟಿದ ದಿನವೇ ಸೊರಗಿರುತ್ತದೆ. ಅದನ್ನು ಸರಿದೂಗಿಸಲು ಸರ್ಕಾರ ಇನ್ನಷ್ಟು ದುಬಾರಿ ವಿದ್ಯುತ್ತನ್ನು ನಗರದ ಪಾಲಿಗೆ ಹಂಚಬೇಕಾಗುತ್ತದೆ. ಹೀಗಾಗಿ ಬಿಲ್ಲಿನಲ್ಲಿ ದೊಡ್ಡ ಬದಲಾವಣೆಯನ್ನು ನಿರೀಕ್ಷಿಸುವಂತಿಲ್ಲ. ಬದಲಾದರೆ ಬದಲಾಗುವುದು ಸೇವೆ. ಪವರ್ ಕಟ್ಟು, ವೋಲ್ಟೇಜು, ಹೊಸ ಸಂಪರ್ಕದ ವಿಳಂಬ ಇವೇ ನಿಮ್ಮ ದೂರಾಗಿದ್ದರೆ, ಪೂರ್ಣ ಒಡೆತನಕ್ಕಿಂತ ಈ ದಾರಿಯೇ ಬೇಗ ಫಲ ಕೊಡುತ್ತದೆ ಎಂದು ನನಗನ್ನಿಸುತ್ತದೆ.

ಕಂಪನಿಯನ್ನು ಒಡೆಯದೆಯೂ ಇದರ ಅರ್ಧ ಪ್ರಯೋಜನ ಪಡೆಯಬಹುದು. ನಗರ ವಲಯಗಳ ಆದಾಯ, ಖರ್ಚು, ನಷ್ಟ, ಅಡಚಣೆಯ ಗಂಟೆಗಳನ್ನು ಬೇರೆಯಾಗಿ ಲೆಕ್ಕವಿಟ್ಟು ಪ್ರಕಟಿಸಿದರೆ, ನಗರ ಎಷ್ಟು ಕೊಡುತ್ತಿದೆ, ಎಷ್ಟು ಪಡೆಯುತ್ತಿದೆ ಎಂಬುದು ಮೊದಲ ಬಾರಿಗೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಬಂಡವಾಳದ ಬಾಬ್ತಿನಲ್ಲಿ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ತಂತಿ ಬೇರೆಯವರದು, ವ್ಯಾಪಾರ ನಮ್ಮದು

ಕಂಬ ತಂತಿಗಳನ್ನು ಮುಟ್ಟದೆ, ವಿದ್ಯುತ್ತನ್ನು ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುವ ನಗರ ಸಂಸ್ಥೆ ಮೂರನೆಯ ದಾರಿ. ಇದು ಕಾಗದದ ಮೇಲೆ ಬಹಳ ಆಕರ್ಷಕ, ಆಚರಣೆಯಲ್ಲಿ ಅಪಾಯಕಾರಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರಸಭೆ 2015ರಲ್ಲಿ ರಾಬಿನ್ ಹುಡ್ ಎನರ್ಜಿ ಎಂಬ ಕಂಪನಿಯನ್ನು ಬಡವರಿಗೆ ಅಗ್ಗದ ವಿದ್ಯುತ್ ಕೊಡುವ ಒಳ್ಳೆಯ ಉದ್ದೇಶದಿಂದಲೇ ತೆರೆಯಿತು. ಸಗಟು ಬೆಲೆಯ ಏರಿಳಿತವನ್ನು ತಾಳಿಕೊಳ್ಳುವ ಬಂಡವಾಳವಿಲ್ಲದೆ 2020ರಲ್ಲಿ ಅದು ಮುಚ್ಚಿತು. ಗ್ರಾಹಕರು ಬ್ರಿಟಿಷ್ ಗ್ಯಾಸ್ ಪಾಲಾದರು, ಸುಮಾರು 3.8 ಕೋಟಿ ಪೌಂಡುಗಳ ನಷ್ಟ ನಗರದ ತೆರಿಗೆದಾರರ ಪಾಲಾಯಿತು. ಬ್ರಿಸ್ಟಲ್ ನಗರದ ಕಂಪನಿಯನ್ನೂ ಅದೇ ವರ್ಷ ಮಾರಬೇಕಾಯಿತು.

ಕ್ಯಾಲಿಫೋರ್ನಿಯದಲ್ಲಿ ಇದರ ಸುಧಾರಿತ ರೂಪವಿದೆ. 2002ರ ಕಾನೂನಿನಡಿ ನಗರ ಅಥವಾ ಕೌಂಟಿ ತನ್ನ ನಿವಾಸಿಗಳೆಲ್ಲರ ಪರವಾಗಿ ವಿದ್ಯುತ್ ಕೊಳ್ಳುತ್ತದೆ. ಬೇಡವೆನ್ನುವವರು ಬರೆದುಕೊಟ್ಟು ಹೊರಬರಬಹುದು. ತಂತಿ, ಮೀಟರು, ಬಿಲ್ಲು ಹಳೆಯ ಕಂಪನಿಯದೇ. 2010ರಲ್ಲಿ ಮರಿನ್ ಕೌಂಟಿ ಮೊದಲಾಯಿತು, 2016ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸೇರಿತು. ಎಲ್ಲ ನಿವಾಸಿಗಳೂ ತಾನಾಗಿಯೇ ಸೇರಿಕೊಳ್ಳುವುದರಿಂದ ಗ್ರಾಹಕರನ್ನು ಹುಡುಕುವ ಖರ್ಚಿಲ್ಲ. ಆದರೆ ಹಳೆಯ ಕಂಪನಿ ಮಾಡಿಕೊಂಡಿದ್ದ ದುಬಾರಿ ಒಪ್ಪಂದಗಳ ಪಾಲನ್ನು ನಿರ್ಗಮನ ಶುಲ್ಕವಾಗಿ ಕಟ್ಟಲೇಬೇಕು.

ನಮ್ಮಲ್ಲಿ ಸದ್ಯದ ಕಾಯ್ದೆ ಒಂದೇ ಪ್ರದೇಶಕ್ಕೆ ಎರಡನೆಯ ಪರವಾನಗಿಯನ್ನು ಒಪ್ಪುತ್ತದೆ, ಆದರೆ ಹೊಸಬರು ಸ್ವಂತ ಜಾಲದ ಮೂಲಕ ಕೊಡಬೇಕೆನ್ನುತ್ತದೆ. ಒಂದೇ ಜಾಲವನ್ನು ಹಲವರು ಹಂಚಿಕೊಳ್ಳುವಂತೆ ತಿದ್ದುವ ಮಾತು 2022ರ ಮಸೂದೆಯಲ್ಲಿ ಬಂದು, 2025ರ ಕರಡಿನಲ್ಲಿ ಮತ್ತೆ ಬಂದಿದೆ. ಮುಂಬೈಯ ಉಪನಗರಗಳಲ್ಲಿ, 2008ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ, ಎರಡು ಕಂಪನಿಗಳ ನಡುವೆ ಗ್ರಾಹಕರು ಆರಿಸಿಕೊಳ್ಳುವಂತಾದಾಗ, ಯಾರು ಯಾರ ತಂತಿಗೆ ಎಷ್ಟು ಬಾಡಿಗೆ ಕೊಡಬೇಕು, ಬಿಟ್ಟುಹೋದ ಗ್ರಾಹಕ ಅಡ್ಡ ಸಬ್ಸಿಡಿಯ ಪಾಲನ್ನು ಹೇಗೆ ಕಟ್ಟಬೇಕು ಎಂಬ ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. ಪಾಲಿಕೆಯಂಥ ಸಂಸ್ಥೆ ಇಂಥ ಆಟಕ್ಕೆ ಮೊದಲಿಗನಾಗಿ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಗರ ತನಗಾಗಿ ಕೊಳ್ಳುವುದು

ಈ ದಾರಿಯ ಬಗ್ಗೆ ಚರ್ಚೆ ಕಡಿಮೆ, ಸಾಧ್ಯತೆ ಹೆಚ್ಚು. ನಗರವೇ ವಿದ್ಯುತ್ತಿನ ದೊಡ್ಡ ಗ್ರಾಹಕ. ಬೀದಿದೀಪ, ಕಚೇರಿ, ಆಸ್ಪತ್ರೆ, ಶಾಲೆಗಳ ಜೊತೆಗೆ ಜಲಮಂಡಳಿಯ ಪಂಪುಗಳಿವೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಸುಮಾರು 500 ಮೀಟರ್ ಎತ್ತರಕ್ಕೆ ಏರಿ ನಗರ ಸೇರುತ್ತದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತದ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿದ ಮೇಲೆ ಈ ಹೊರೆ ಇನ್ನೂ ಹೆಚ್ಚಿದೆ. ಮಂಡಳಿಯ ಖರ್ಚಿನಲ್ಲಿ ವಿದ್ಯುತ್ ಬಿಲ್ಲಿನದು ದೊಡ್ಡ ಪಾಲು. ಆ ಬಿಲ್ಲು ಇಳಿದರೆ ನೀರಿನ ದರದ ಮೇಲಿನ ಒತ್ತಡ ಇಳಿಯುತ್ತದೆ.

ಇಂದೋರ್ ಇದನ್ನು ಮಾಡುತ್ತಿದೆ. ನರ್ಮದೆಯ ನೀರನ್ನು ಮೇಲೆತ್ತುವ ಖರ್ಚಿನಿಂದ ಬೇಸತ್ತ ಅಲ್ಲಿನ ಪಾಲಿಕೆ 2023ರ ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ಹಸಿರು ಬಾಂಡ್ ಮಾರಿ 244 ಕೋಟಿ ರೂಪಾಯಿ ಎತ್ತಿ, ಜಲೂದ್ ಎಂಬಲ್ಲಿ 60 ಮೆಗಾವಾಟ್ ಸೌರ ಸ್ಥಾವರಕ್ಕೆ ಕೈಹಾಕಿತು. ಬಾಂಡು ಬೆಂಗಳೂರಿಗೆ ಹೊಸದಲ್ಲ. ದೇಶದಲ್ಲಿ ಪಾಲಿಕೆಯ ಬಾಂಡನ್ನು ಮೊದಲು ಹೊರಡಿಸಿದ್ದೇ ಈ ನಗರ, 1997ರಲ್ಲಿ.

ಕಾನೂನು ಕೂಡ ಇಲ್ಲಿ ನಗರದ ಕಡೆಗಿದೆ. 2022ರ ಹಸಿರು ಮುಕ್ತ ಪ್ರವೇಶದ ನಿಯಮಗಳ ಪ್ರಕಾರ 100 ಕಿಲೋವಾಟ್ ಮೇಲಿನ ಗ್ರಾಹಕರು ಬೇರೆಡೆಯ ಹಸಿರು ವಿದ್ಯುತ್ತನ್ನು ಬೆಸ್ಕಾಂ ತಂತಿಯ ಮೂಲಕವೇ ತರಿಸಿಕೊಳ್ಳಬಹುದು. ಒಂದೇ ವಿದ್ಯುತ್ ವಿಭಾಗದೊಳಗಿನ ಹಲವು ಸಂಪರ್ಕಗಳನ್ನು ಕೂಡಿಸಿಯೂ ಆ ಮಿತಿಯನ್ನು ಮುಟ್ಟಬಹುದು. ಸ್ಥಾವರದಲ್ಲಿ ಶೇಕಡ 26 ಒಡೆತನವಿಟ್ಟು ಅದರ ಉತ್ಪಾದನೆಯ ಶೇಕಡ 51ನ್ನು ತಾವೇ ಬಳಸುವ ಸ್ವಬಳಕೆಯ ವ್ಯವಸ್ಥೆಯಾದರೆ, ಹೊರಗಿನಿಂದ ವಿದ್ಯುತ್ ತರಿಸಿಕೊಳ್ಳುವವರು ಕಟ್ಟಬೇಕಾದ ಅಡ್ಡ ಸಬ್ಸಿಡಿಯ ಮೇಲ್ತೆರಿಗೆಯೂ ಬೀಳುವುದಿಲ್ಲ. ತೊಡಕುಗಳೂ ಇವೆ. ಜಲಮಂಡಳಿ ಪಾಲಿಕೆಯದಲ್ಲ, ರಾಜ್ಯದ್ದು. ಮೆಟ್ರೊ ರಾಜ್ಯ ಮತ್ತು ಕೇಂದ್ರದ ಜಂಟಿ ಕಂಪನಿ. ಇವರನ್ನೆಲ್ಲ ಒಂದು ಖರೀದಿ ಸಂಸ್ಥೆಯಡಿ ತರಲು ಪ್ರಾಧಿಕಾರ ಮನಸ್ಸು ಮಾಡಬೇಕು. ಸೌರ ವಿದ್ಯುತ್ ಹಗಲಿನದು, ಬೀದಿದೀಪ ರಾತ್ರಿಯದು. ಆದ್ದರಿಂದ ಪಂಪುಗಳಿಗೆ ಸೌರ, ದೀಪಗಳಿಗೆ ಪವನ ಅಥವಾ ಬ್ಯಾಟರಿ ಎಂದು ಹೊಂದಿಸಬೇಕು. ಮತ್ತು ದೊಡ್ಡ ಗ್ರಾಹಕ ಹೊರಟರೆ ಬೆಸ್ಕಾಂ ಆದಾಯಕ್ಕೆ ಪೆಟ್ಟು. ಸ್ವಬಳಕೆಗೆ ಸಿಗುವ ವಿನಾಯಿತಿ ರೈತರ ಹೊರೆಯನ್ನು ಉಳಿದವರ ಮೇಲೆ ತುಸು ಜರುಗಿಸುತ್ತದೆ ಎಂಬುದು ಸುಳ್ಳಲ್ಲ. ಆದರೂ ಜರುಗುವುದು ತುಸು ಮಾತ್ರ. ತಪ್ಪಾದರೆ ಒಪ್ಪಂದ ಮುಗಿಸಿ ಹಿಂದಕ್ಕೆ ಬರಬಹುದು. ನಷ್ಟವಾದರೂ ಒಂದು ಸ್ಥಾವರದಷ್ಟು.

ಚಾವಣಿಗಳಿಗಾಗಿ ಪೂರಕ ಸಂಸ್ಥೆ

ಅಮೆರಿಕದ ಆನ್ ಆರ್ಬರ್ ನಗರ 2024ರ ನವೆಂಬರಿನಲ್ಲಿ ಬೇರೊಂದು ಬಗೆಯ ಸಂಸ್ಥೆಗೆ ಭಾರೀ ಬಹುಮತದಿಂದ ಮತ ಕೊಟ್ಟಿತು. ಹಳೆಯ ಕಂಪನಿ ಇದ್ದಂತೆಯೇ ಇರುತ್ತದೆ. ನಗರದ ಸಂಸ್ಥೆ ಬಯಸಿದವರ ಮನೆಯ ಮೇಲೆ ಸೌರ ಫಲಕ, ಬ್ಯಾಟರಿ ಕೂರಿಸಿ, ಅದರ ವಿದ್ಯುತ್ತಿಗೆ ಮಾತ್ರ ಬಿಲ್ಲು ಮಾಡುತ್ತದೆ. ಬೆಂಗಳೂರಿನಲ್ಲಿ ಇಂಥದಕ್ಕೆ ಅರ್ಥವಿರುವುದು ಅಪಾರ್ಟ್‌ಮೆಂಟುಗಳಿಗೆ, ಶಾಲಾ ಕಾಲೇಜುಗಳಿಗೆ, ಸಣ್ಣ ಕೈಗಾರಿಕೆಗಳಿಗೆ. ಸ್ವಂತ ಮನೆಯವರಿಗೆ ಕೇಂದ್ರದ ಸೂರ್ಯಘರ್ ಯೋಜನೆ ಮೂರು ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿಯನ್ನು ಈಗಾಗಲೇ ಕೊಡುತ್ತಿದೆ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುವ ಮನೆಗೆ ಫಲಕ ಹಾಕಿಸಿಕೊಳ್ಳಲು ಕಾರಣವೇ ಇಲ್ಲ. ಎರಡು ಸರ್ಕಾರಗಳ ಎರಡು ಒಳ್ಳೆಯ ಯೋಜನೆಗಳು ಒಂದನ್ನೊಂದು ತಡೆದು ನಿಂತಿರುವುದು ಇಲ್ಲಿ ಮಾತ್ರವೇನೂ ಅಲ್ಲ.

ಖಾಸಗಿ ಮತ್ತು ಸಹಕಾರಿ

ಸ್ವಂತ ಸಂಸ್ಥೆಯ ಪ್ರಶ್ನೆ ಬಂದಾಗಲೆಲ್ಲ ದಿಲ್ಲಿಯ ಹೆಸರು ಬರುತ್ತದೆ. 2002ರಲ್ಲಿ ಖಾಸಗಿಯವರಿಗೆ ಶೇಕಡ 51 ಪಾಲು ಕೊಟ್ಟ ಮೇಲೆ, ಸೋರಿಕೆ, ಕಳ್ಳತನ, ವಸೂಲಾಗದ ಬಿಲ್ಲುಗಳಿಂದ ಶೇಕಡ 50ಕ್ಕೂ ಮೇಲಿದ್ದ ವಿದ್ಯುತ್ ನಷ್ಟ ಒಂದಂಕಿಗೆ ಇಳಿದದ್ದು ನಿಜವಾದ ಸಾಧನೆ. ಜೊತೆಗೆ, ದರ ಏರಿಸದೆ ಮುಂದೂಡಿದ ಬಾಕಿ 27,200 ಕೋಟಿ ರೂಪಾಯಿಯ ಆಸುಪಾಸಿಗೆ ಬೆಳೆದು, ಅದನ್ನು ತೀರಿಸುವಂತೆ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾದದ್ದೂ ನಿಜ. ಬೆಸ್ಕಾಂ ನಷ್ಟ ಅಂದಿನ ದಿಲ್ಲಿಯಷ್ಟು ಎಂದೂ ಇಲ್ಲದ್ದರಿಂದ ಇಲ್ಲಿ ಹಾಗೆ ಉಳಿಸಲು ಉಳಿದದ್ದು ಕಡಿಮೆ. ಸಹಕಾರಿ ಮಾದರಿಗೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ನಮ್ಮ ಕಣ್ಣೆದುರಿಗೇ ಇದೆ. ಒಂದು ತಾಲ್ಲೂಕಿಗೆ ಹೊಂದುವ ಆ ಅಳತೆ ಕೋಟಿ ಮೀರಿದ ಜನರ ನಗರಕ್ಕೆ ಹೊಂದದು.

ಯಾರಿಗೆ ಯಾವುದು

ಬಿಲ್ಲೇ ಮುಖ್ಯವೆನ್ನುವ ಮನೆಯವರಿಗೆ ಮೇಲಿನ ಯಾವ ದಾರಿಯೂ ಹತ್ತಿರದ ವರ್ಷಗಳಲ್ಲಿ ಹೆಚ್ಚು ಕೊಡದು. ಅವರು ಗೃಹಜ್ಯೋತಿಯ ಅರ್ಹತೆಯನ್ನೂ, ಅದನ್ನು ಮೀರಿದವರು ಚಾವಣಿಯ ಬಿಸಿಲನ್ನೂ ನೋಡಿಕೊಳ್ಳುವುದು ಲೇಸು. ದೊಡ್ಡ ಅಪಾರ್ಟ್‌ಮೆಂಟ್ ಸಂಘ, ಆಸ್ಪತ್ರೆ, ನೂರು ಕಿಲೋವಾಟ್ ಮೀರಿದ ಕಾರ್ಖಾನೆಗಳಿಗೆ ನಗರ ಸಂಸ್ಥೆಗಾಗಿ ಕಾಯುವ ಅಗತ್ಯವಿಲ್ಲ. ಮುಕ್ತ ಪ್ರವೇಶದ ಬಾಗಿಲು ತೆರೆದೇ ಇದೆ. ಆದರೆ ಸಾಗಣೆ ಶುಲ್ಕ ಮತ್ತು ಮೇಲ್ತೆರಿಗೆಗಳನ್ನು ಕೂಡಿಸಿ ಲೆಕ್ಕ ಹಾಕಿದ ಮೇಲೆಯೇ ಒಪ್ಪಂದಕ್ಕೆ ಸಹಿ ಹಾಕಬೇಕು. ಸೇವೆ ಸುಧಾರಿಸಲಿ ಎನ್ನುವವರು ನಗರಕ್ಕೆ ಮೀಸಲಾದ ಎಸ್ಕಾಂ ಅಥವಾ ಕನಿಷ್ಠ ಪ್ರತ್ಯೇಕ ಲೆಕ್ಕವನ್ನು ಕೇಳಬೇಕು. ಹವಾಮಾನದ ಚಿಂತೆಯುಳ್ಳವರು ಮತ್ತು ಪಾಲಿಕೆಯ ಬಜೆಟ್ಟಿನ ಮೇಲೆ ಕಣ್ಣಿಟ್ಟವರು ನಗರದ ಸ್ವಂತ ಖರೀದಿ ಸಂಸ್ಥೆಯ ಬೆನ್ನು ಹತ್ತಬೇಕು. ನನ್ನ ಆಯ್ಕೆಯೂ ಅದೇ. ಪೂರ್ಣ ಒಡೆತನ ಬೇಕೇ ಬೇಕೆನ್ನುವವರಿಗೆ ಎರಡು ಷರತ್ತುಗಳು ಮೊದಲು ಕೂಡಿಬರಬೇಕು: ಚುನಾಯಿತ ಕೌನ್ಸಿಲುಗಳು, ಮತ್ತು ಪಂಪ್‌ಸೆಟ್ ಸಬ್ಸಿಡಿಯನ್ನು ರಾಜ್ಯದ ಬಜೆಟ್ಟೇ ಪೂರ್ತಿ, ಸಕಾಲದಲ್ಲಿ ಹೊರುವ ಕಾನೂನಿನ ಖಾತರಿ.

ಇದರಲ್ಲಿ ಈಗಲೇ ಮಾಡಬಹುದಾದ ಕೆಲಸವೂ ಒಂದಿದೆ. ಎಸ್ಕಾಂಗಳು ದರದ ಅರ್ಜಿ ಸಲ್ಲಿಸಿದಾಗ ಆಯೋಗ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನಗಳೊಳಗೆ ಆದೇಶ ಹೊರಡಿಸಬೇಕೆಂದು ಕಾಯ್ದೆ ಹೇಳುತ್ತದೆ; ಪತ್ರಿಕೆಗಳಲ್ಲಿ ಪ್ರಕಟಣೆ ಬಂದ ಮೇಲೆ ಯಾವ ಗ್ರಾಹಕರೂ ವಸಂತನಗರದ ಆಯೋಗದ ಕಚೇರಿಗೆ ಬರೆದು, ವಿಚಾರಣೆಯಲ್ಲಿ ಮಾತಾಡಬಹುದು. ದರ ಏರಿಕೆ ಬೇಡ ಎಂಬ ಮಾಮೂಲು ಸಾಲಿನ ಜೊತೆಗೆ, ಬೆಂಗಳೂರಿನ ವಲಯಗಳ ಆದಾಯ, ವಿದ್ಯುತ್ ಖರೀದಿ ವೆಚ್ಚ, ನಷ್ಟ ಮತ್ತು ಅಡಚಣೆಯ ಲೆಕ್ಕವನ್ನು ಬೇರೆಯಾಗಿ ಮುಂದಿಡಲು ಬೆಸ್ಕಾಂಗೆ ನಿರ್ದೇಶನ ಕೊಡಬೇಕೆಂಬ ಒಂದು ಕೋರಿಕೆಯನ್ನು ಹತ್ತಾರು ನಿವಾಸಿ ಸಂಘಗಳು ಸೇರಿಸಿದರೆ, ಮೇಲಿನ ದಾರಿಗಳನ್ನು ಅಂದಾಜಿನ ಬದಲು ಅಂಕಿಗಳಿಂದ ತೂಗಬಹುದು.